ಕಟ್ಟಡಕ್ಕೆ ತಕ್ಕ ಕಲ್ಲು

ಬಳ್ಳಾರಿಯನ್ನು ಒಮ್ಮೆ ನೋಡಿದವರಿಗೆ ಆ ಊರಿನ ನೆನಪೆಂದರೆ ಮೊದಲು ಕಲ್ಲಿನ ನೆನಪು. ಬಯಲಿನ ನಡುವೆ ಒಂದೇ ಬಂಡೆಯಂತೆ ಎದ್ದು ನಿಂತ ಗುಡ್ಡ, ಅದರ ನೆತ್ತಿಯ ಮೇಲೆ ಹನುಮಪ್ಪನಾಯಕನು ಕಟ್ಟಿಸಿದನೆಂದು ಹೇಳುವ ಕೋಟೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯು ಇದನ್ನು ವಶಪಡಿಸಿಕೊಂಡು, ಫ್ರೆಂಚ್ ಶಿಲ್ಪಿಯೊಬ್ಬನಿಂದ ಬಲಪಡಿಸಿದನಂತೆ; ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿರುವುದು ಆಮೇಲೆ ತಿಳಿದು ಶಿಲ್ಪಿಯನ್ನು ಗಲ್ಲಿಗೇರಿಸಿದನಂತೆ. ಈ ಕಥೆಯನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಆ ಶಿಲ್ಪಿಗೆ ನೆಲದ ವಿಷಯದಲ್ಲಿ ಎಡವಿದನೆಂಬ ಅಪವಾದ ಬಂದಿದೆಯೇ ಹೊರತು, ಕಲ್ಲಿನ ವಿಷಯದಲ್ಲಿ ಎಡವಿದನೆಂದು ಯಾರೂ ಹೇಳಿಲ್ಲ. ಗೋಡೆಗಳು ಇಂದಿಗೂ ನಿಂತಿವೆ.

ಆ ಸೀಮೆಯ ಕಲ್ಲು ಕಣಶಿಲೆ, ಎಂದರೆ ಗ್ರಾನೈಟು. ಬೆಣಚುಕಲ್ಲಿನ ಕಣಗಳನ್ನು ಒಳಗೊಂಡ ಈ ಶಿಲೆ ಭಾರವನ್ನು ಹೊರುವುದರಲ್ಲಿ ಮಹಾ ಸಮರ್ಥ. ಉಳಿಗೆ ಮಾತ್ರ ಸುಲಭವಾಗಿ ಬಗ್ಗದು. ಕುರುಗೋಡಿನಲ್ಲಿ ಈ ಎರಡು ಗುಣಗಳನ್ನೂ ಕಾಣಬಹುದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರು ಆಳಿದ ಊರು ಅದು. ಅಲ್ಲಿಯ ದೊಡ್ಡಬಸವೇಶ್ವರನು ಏಕಶಿಲೆಯಲ್ಲಿ ಸುಮಾರು 12 ಅಡಿ ಎತ್ತರವಾಗಿ ಕುಳಿತಿದ್ದಾನೆ. ಆ ಮೂರ್ತಿಯ ಗಾಂಭೀರ್ಯವಿರುವುದು ಗಾತ್ರದಲ್ಲಿ. ಅದೇ ಚಾಲುಕ್ಯರ ಕಾಲದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿಯ ಮದನಿಕೆಯರ ಆಭರಣದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಕುರುವತ್ತಿಯ ಶಿಲ್ಪಿಗಳು ಹೆಚ್ಚು ನಿಪುಣರೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯವಾದೀತು. ಅವರ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಬಿಸಿಲಿನಲ್ಲಿ ಕ್ರಮೇಣ ಗಡುಸಾಗುವುದು ಅದರ ಸ್ವಭಾವ.

ಸುಣ್ಣಶಿಲೆಯ ಶಿಲ್ಪವನ್ನು ಕನ್ನಡನಾಡಿನಲ್ಲಿ ನೋಡಬೇಕಾದರೆ ಉತ್ತರಕ್ಕೆ, ಭೀಮಾತೀರದ ಸನ್ನತಿಗೆ ಹೋಗಬೇಕು. ಅದರ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಹೊರಬಂದ ಬೌದ್ಧಸ್ತೂಪದ ಫಲಕಗಳೆಲ್ಲ ಆ ಕಲ್ಲಿನವು. ಅವುಗಳಲ್ಲೊಂದರ ಮೇಲೆ ಅಶೋಕನ ಪ್ರತಿಮೆಯೂ ಅವನ ಹೆಸರೂ ಇವೆ. ಪದರ ಪದರವಾಗಿ ಚಪ್ಪಟೆಯಾಗಿ ಏಳುವ ಈ ಶಿಲೆ ಫಲಕಗಳಿಗೆ ಹೇಳಿಮಾಡಿಸಿದಂತಿದೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದದ ಚಪ್ಪಡಿಯೂ ಇದೇ ಕುಲದ್ದು.

ಬಳ್ಳಾರಿಯ ಬಯಲಿನಲ್ಲಿ ಸುಣ್ಣವು ದೊರೆಯುವುದು ಬೇರೊಂದು ರೂಪದಲ್ಲಿ. ಸಿರುಗುಪ್ಪದ ಕಡೆಯಂಥ ಎರೆಭೂಮಿಯನ್ನು ಅಗೆದರೆ ಸುಣ್ಣದ ಹರಳುಗಳು ಸಿಕ್ಕುತ್ತವೆ. ಅವನ್ನು ಗೂಡಿನಲ್ಲಿ ಸುಟ್ಟು, ನೀರುಣಿಸಿ ಅರಳಿಸಿ, ಮರಳು ಬೆರೆಸಿ, ಎತ್ತು ಎಳೆಯುವ ಗಾಣದಲ್ಲಿ ಅರೆದರೆ ಗಾರೆ. ಸುಟ್ಟಾಗ ಕಳೆದುಕೊಂಡ ಇಂಗಾಲಾಮ್ಲವನ್ನು ಗಾಳಿಯಿಂದ ಮರಳಿ ಪಡೆದು, ಅದು ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತದೆ. ವಿಜಯನಗರದವರು ಗೋಪುರದ ಬುಡವನ್ನು ಕಣಶಿಲೆಯಿಂದ ಕಟ್ಟಿ, ಮೇಲಿನ ನೆಲೆಗಳನ್ನು ಇಟ್ಟಿಗೆ ಗಾರೆಗಳಿಂದ ಎಬ್ಬಿಸಿದುದರಲ್ಲಿ ಎಂಥ ವಿವೇಕವಿದೆ! ಹೊರುವ ಕೆಲಸ ಕಲ್ಲಿಗೆ, ಹಗುರವಾಗಿ ಏರುವ ಕೆಲಸ ಇಟ್ಟಿಗೆಗೆ, ಬೊಂಬೆಗಳ ಕೆಲಸ ಗಾರೆಗೆ. ಸಿರುಗುಪ್ಪ, ದೇಶನೂರುಗಳಿಗೆ ತುಂಗಭದ್ರೆಯ ನೀರನ್ನು ತಿರುಗಿಸಿದ ಹಳೆಯ ಅಣೆಗಳಿಗೆ ಮಾತ್ರ ಅವರು ನೆಚ್ಚಿದ್ದು ದೊಡ್ಡ ಬಂಡೆಗಳನ್ನೇ.

ಈಗ ಕಟ್ಟಿಸುವವರ ಮಾತು. ಸುಣ್ಣಶಿಲೆಗೆ ಆಮ್ಲವೇ ಶತ್ರು. ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು, 1666ರ ಬೆಂಕಿಯ ತರುವಾಯ, ರೆನ್ ಎಂಬ ಶಿಲ್ಪಿಯು ಪೋರ್ಟ್‌ಲೆಂಡ್ ದ್ವೀಪದ ಬಿಳಿಯ ಸುಣ್ಣಶಿಲೆಯಿಂದ ಕಟ್ಟಿದನು; ಕಲ್ಲಿದ್ದಲಿನ ಹೊಗೆ ಮಳೆಯೊಡನೆ ಬೆರೆತು ಆ ಕಲ್ಲನ್ನು ಶತಮಾನಗಳ ಕಾಲ ಕೊರೆಯಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ: ಅಡುಗೆಮನೆಯ ಶಹಾಬಾದ ಕಲ್ಲಿನ ಮೇಲೆ ಹುಣಿಸೆಯ ರಸ ಚೆಲ್ಲಿ ಒರಸದೆ ಬಿಟ್ಟರೆ ಸಾಕು, ಹೊಳಪು ಹೋಗುತ್ತದೆ. ನೆಲ ತೊಳೆಯಲು ಆ್ಯಸಿಡ್ ತರಿಸುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು. ಕೊಳ್ಳುವ ಮುನ್ನ ಒಂದು ತುಣುಕಿನ ಮೇಲೆ ನಿಂಬೆಹುಳಿ ಹಿಂಡಿ ನೋಡಬಹುದು. ನೊರೆಯೆದ್ದರೆ ಅದು ಸುಣ್ಣಶಿಲೆ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯ ದನಿ ಬರಬೇಕು. ಮಂಕಾದ ಸದ್ದು ಒಳಬಿರುಕಿನ ಗುರುತು. ಒಣಗಿದ ತುಣುಕನ್ನು ತೂಗಿ, ಒಂದು ಹಗಲಿರುಳು ನೀರಿನಲ್ಲಿಟ್ಟು ಮತ್ತೆ ತೂಗಿದರೆ, ಎಷ್ಟು ನೀರು ಕುಡಿಯಿತೆಂಬುದು ತಿಳಿಯುತ್ತದೆ. ಗೋಡೆಗೆ ಬಳಸುವಾಗ ಭೂಮಿಯಲ್ಲಿ ಅದು ಮಲಗಿದ್ದ ಪದರದಂತೆಯೇ ಮಲಗಿಸಬೇಕು. ಪದರವನ್ನು ಹೊರಮುಖಕ್ಕೆ ನಿಲ್ಲಿಸಿದರೆ ಹಪ್ಪಳದಂತೆ ಏಳುತ್ತದೆ.

ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗಾರೆಯ ಮೇಲೆ ಸಿಮೆಂಟು ಬಳಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗಾರೆಯು ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟಿನ ಗಟ್ಟಿ ಹೊದಿಕೆ ಅದನ್ನು ತಡೆಹಿಡಿಯುತ್ತದೆ. ಆ ನೀರು ಇಟ್ಟಿಗೆಯೊಳಗೇ ನಿಂತು, ಉಪ್ಪು ಕಟ್ಟಿ, ಕೆಲವು ಮಳೆಗಾಲಗಳ ಮೇಲೆ ಹೊಸ ಹೊದಿಕೆಯನ್ನೂ ಅದರೊಡನೆ ಹಳೆಯ ಬೊಂಬೆಯ ಮುಖವನ್ನೂ ಕೆಳಕ್ಕೆ ಕೆಡಹುತ್ತದೆ.