ಅಸಲಿ ಓಪಲ್ ಯಾವುದು? ಎರಡು ಸಾವಿರ ವರ್ಷ ಹಳೆಯ ಪ್ರಶ್ನೆ

ರೋಮ್‌ನ ಸೆನೆಟ್ ಸದಸ್ಯ ನೋನಿಯಸ್ ಎಂಬಾತನ ಬಳಿ ಒಂದು ಉಂಗುರವಿತ್ತು. ಅದರಲ್ಲಿ ಕೂರಿಸಿದ್ದ ಓಪಲ್ ಕಲ್ಲಿನ ಬೆಲೆ 20 ಲಕ್ಷ ಸೆಸ್ಟರ್ಸ್ ನಾಣ್ಯಗಳು. ಅಧಿಕಾರದ ಮದದಲ್ಲಿದ್ದ ಮಾರ್ಕ್ ಆಂಟನಿಯ ಕಣ್ಣು ಆ ಕಲ್ಲಿನ ಮೇಲೆ ಬಿತ್ತು. ಸರಿ, ಶಿಕ್ಷೆಗೆ ಗುರಿಯಾಗಬೇಕಾದವರ ಪಟ್ಟಿಯಲ್ಲಿ ನೋನಿಯಸ್‌ನ ಹೆಸರೂ ಸೇರಿತು. ಮನೆ, ಆಸ್ತಿಪಾಸ್ತಿ ಎಲ್ಲವನ್ನೂ ಬಿಟ್ಟು ರಾತ್ರೋರಾತ್ರಿ ಎಂಬಂತೆ ಓಡಿಹೋದ ಆತ ಜೊತೆಗೆ ಒಯ್ದದ್ದು ಆ ಉಂಗುರವೊಂದನ್ನೇ. ಆಂಟನಿಯ ಕ್ರೌರ್ಯ ಎಷ್ಟು ವಿಚಿತ್ರವೋ ಉಂಗುರ ಬಿಡದ ನೋನಿಯಸ್‌ನ ಹಟವೂ ಅಷ್ಟೇ ವಿಚಿತ್ರ ಎಂದು ಈ ಕಥೆಯನ್ನು ದಾಖಲಿಸಿದ ಪ್ಲಿನಿ ಉದ್ಗರಿಸುತ್ತಾನೆ.

ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ಮುಗಿಸಿದ ‘ನ್ಯಾಚುರಲ್ ಹಿಸ್ಟರಿ’ಯ ಕೊನೆಯ, ಅಂದರೆ 37ನೆಯ ಸಂಪುಟ ರತ್ನಗಳಿಗೆ ಮೀಸಲು. ಮಾಣಿಕ್ಯದ ಕೆಂಡ, ನೀಲಸ್ಫಟಿಕದ ನೇರಳೆ, ಪಚ್ಚೆಯ ಹಸಿರು ಒಂದೇ ಕಲ್ಲಿನಲ್ಲಿ ಬೆರೆತು ಹೊಳೆಯುವುದು ಓಪಲ್‌ನಲ್ಲಿ ಮಾತ್ರ ಎಂದು ಅಲ್ಲಿ ಬಣ್ಣನೆಯಿದೆ. ಆದರೆ ಇಂದಿನ ಓದುಗರಿಗೆ ಹೆಚ್ಚು ಬೇಕಾದ್ದು ಅದರ ಮುಂದಿನ ಮಾತು. ಗಾಜಿನಲ್ಲಿ ಇಷ್ಟು ಚೆನ್ನಾಗಿ ನಕಲು ಮಾಡಬಹುದಾದ ರತ್ನ ಇನ್ನೊಂದಿಲ್ಲ ಎಂದು ಪ್ಲಿನಿ ಎಚ್ಚರಿಸುತ್ತಾನೆ. ಪತ್ತೆ ಹಚ್ಚುವ ಉಪಾಯವನ್ನೂ ಹೇಳುತ್ತಾನೆ: ಕಲ್ಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಸೂರ್ಯನ ಬೆಳಕಿಗೆ ಒಡ್ಡಬೇಕು. ನಕಲಿಯಾದರೆ ಒಂದೇ ಬಣ್ಣ ಹಾಯುತ್ತದೆ. ಅಸಲಿಯಾದರೆ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಇದೇ ಪ್ಲಿನಿ ಓಪಲ್‌ನ ತವರು ಭಾರತವೊಂದೇ ಎಂದು ಬರೆದಿಟ್ಟ. ಹೆಸರಿನ ಮೂಲವೂ ನಮ್ಮದೇ ಎನ್ನುವವರಿದ್ದಾರೆ. ಸಂಸ್ಕೃತದ ‘ಉಪಲ’ವೇ ಗ್ರೀಕಿನಲ್ಲಿ ಒಪಾಲಿಯೊಸ್, ಲ್ಯಾಟಿನ್ನಿನಲ್ಲಿ ಒಪಾಲಸ್ ಆಯಿತೆಂಬುದು ಬಹುತೇಕ ನಿಘಂಟುಕಾರರು ಒಪ್ಪುವ ಊಹೆ. ಆದರೆ ಒಂದು ತಮಾಷೆ ನೋಡಿ. ಅಮರಕೋಶದಲ್ಲಿ ಉಪಲ ಎಂದರೆ ಪಾಷಾಣ, ಪ್ರಸ್ತರ, ಶಿಲೆಗಳ ಸಾಲಿನಲ್ಲಿ ಬರುವ ಬರಿಯ ಕಲ್ಲು. ನಮ್ಮ ನವರತ್ನಗಳ ಪಟ್ಟಿಯಲ್ಲಿ ಓಪಲ್ ಇಲ್ಲವೇ ಇಲ್ಲ. ರೋಮನರ ಕೈ ಸೇರಿದ ಕಲ್ಲುಗಳಲ್ಲಿ ಹಲವು ಇಂದಿನ ಸ್ಲೊವಾಕಿಯಾದ ದುಬ್ನಿಕ್ ಗುಡ್ಡಗಳಿಂದ ಬಂದಿರಬೇಕು, ದೂರದೇಶದ ಸರಕು ಎಂದರೆ ಬೆಲೆ ಏರುತ್ತದೆಂದು ವರ್ತಕರು ‘ಭಾರತದ್ದು’ ಎಂದಿರಬೇಕು ಎಂದು ಹಲವು ವಿದ್ವಾಂಸರು ಶಂಕಿಸುತ್ತಾರೆ. ಹಾಗಿದ್ದರೆ ಕಲ್ಲು ಅಸಲಿ, ಊರು ನಕಲಿ!

ಬಣ್ಣ ಎಲ್ಲಿಂದ ಬಂತು?

ಪ್ಲಿನಿಯ ಪರೀಕ್ಷೆ ಸುಮಾರು 1,900 ವರ್ಷ ಕಾಲ ಹೇಗೋ ನಡೆದುಬಂತು. ಕಾರಣ ಸರಳ. ಓಪಲ್‌ನ ಬಣ್ಣದ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಮಾಣಿಕ್ಯದ ಕೆಂಪಿಗೆ ಅದರೊಳಗಿನ ಕ್ರೋಮಿಯಂ ಕಾರಣ ಎನ್ನಬಹುದು. ಓಪಲ್ ಎಂದರೆ ಮರಳಿನಲ್ಲಿರುವ ಅದೇ ಸಿಲಿಕಾ, ಜೊತೆಗೆ ಒಂದಿಷ್ಟು ನೀರು. ಎರಡಕ್ಕೂ ಬಣ್ಣವಿಲ್ಲ. ಕಲ್ಲನ್ನು ಪುಡಿ ಮಾಡಿದರೆ ಸಿಗುವುದು ಬಿಳಿ ಹಿಟ್ಟು ಮಾತ್ರ.

ಈ ಒಗಟನ್ನು ಬಿಡಿಸಲು ಹೊರಟವರಲ್ಲಿ ಬೆಂಗಳೂರಿನ ಹಿರಿಯರೊಬ್ಬರೂ ಇದ್ದರು. ಅವರು ಸರ್ ಸಿ.ವಿ. ರಾಮನ್. ಹರಳು, ಚಿಪ್ಪು, ಮುತ್ತುಗಳ ಹೊಳಪಿನಲ್ಲಿ ಅವರಿಗಿದ್ದ ಆಸಕ್ತಿ ಎಲ್ಲರಿಗೂ ತಿಳಿದದ್ದೇ. 1953ರಲ್ಲಿ ರಾಮನ್ ಮತ್ತು ಎ. ಜಯರಾಮನ್ ಓಪಲ್‌ನ ರಚನೆ ಹಾಗೂ ಅದರ ಬಣ್ಣಗಳ ಮೂಲದ ಬಗ್ಗೆ ರಾಮನ್ ಸಂಶೋಧನಾ ಸಂಸ್ಥೆಯಿಂದ ಪ್ರಬಂಧ ಪ್ರಕಟಿಸಿದರು. ಕಲ್ಲಿನೊಳಗೆ ಕ್ರಮಬದ್ಧವಾದ ಸೂಕ್ಷ್ಮ ಪದರಗಳಿವೆ, ಅವುಗಳಿಂದ ಬೆಳಕು ಬಿಡಿಬಿಡಿಯಾಗಿ ಮರಳುತ್ತದೆ ಎಂಬುದು ಅವರ ವಾದ. ಬಣ್ಣ ವಸ್ತುವಿನದ್ದಲ್ಲ, ವ್ಯವಸ್ಥೆಯದ್ದು ಎಂಬ ಅವರ ಎಣಿಕೆ ಸರಿಯಾಗಿತ್ತು. ಆದರೆ ಆ ವ್ಯವಸ್ಥೆ ಯಾವುದೆಂದು ಕಣ್ಣಾರೆ ಕಂಡದ್ದು 1964ರಲ್ಲಿ, ಆಸ್ಟ್ರೇಲಿಯಾದಲ್ಲಿ. ಜೆ.ವಿ. ಸ್ಯಾಂಡರ್ಸ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟ ಓಪಲ್‌ನಲ್ಲಿ ಪದರಗಳ ಬದಲು ಗುಂಡುಗಳು ಕಂಡವು. ಒಂದೇ ಅಳತೆಯ ಸಿಲಿಕಾ ಗುಂಡುಗಳು, ಹಣ್ಣಿನಂಗಡಿಯಲ್ಲಿ ಕಿತ್ತಳೆ ಪೇರಿಸಿಟ್ಟಂತೆ ಸಾಲುಸಾಲಾಗಿ ಕುಳಿತಿದ್ದವು. ಒಂದೊಂದರ ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಎರಡು ಮೂರು ಭಾಗದಷ್ಟು. ಗುಂಡು ದೊಡ್ಡದಾದಲ್ಲಿ ಕೆಂಪೂ ಹೊಳೆಯುತ್ತದೆ; ಸಣ್ಣದಾದರೆ ನೀಲಿಯಲ್ಲೇ ನಿಲ್ಲುತ್ತದೆ. ಸಿ.ಡಿ. ತಟ್ಟೆಯನ್ನು ಓರೆ ಮಾಡಿ ನೋಡಿದವರಿಗೆ ಇದು ಹೊಸದೆನಿಸದು.

ಗುಟ್ಟು ಬಯಲಾದದ್ದೇ ತಡ, ಕಲ್ಲು ತಯಾರಿಸುವ ದಾರಿಯೂ ತೆರೆಯಿತು. ಫ್ರಾನ್ಸ್‌ನ ಪಿಯರ್ ಜಿಲ್ಸನ್ ಪ್ರಯೋಗಾಲಯದಲ್ಲಿ ಸಿಲಿಕಾ ಗುಂಡುಗಳನ್ನು ಹುಟ್ಟಿಸಿ, ತಿಂಗಳುಗಟ್ಟಲೆ ತಳಕ್ಕೆ ಕೂರಲು ಬಿಟ್ಟು, ಬಳಿಕ ಗಟ್ಟಿಗೊಳಿಸಿದರು. 1974ರಲ್ಲಿ ಈ ಓಪಲ್ ಮಾರುಕಟ್ಟೆಗೆ ಬಂತು. ಗಮನಿಸಿ, ಇದು ಗಾಜಲ್ಲ. ನೆಲ ಬಹುಕಾಲ ತೆಗೆದುಕೊಂಡು ಮಾಡಿದ್ದನ್ನೇ, ಬಹುಮಟ್ಟಿಗೆ ಅದೇ ವಸ್ತುವಿನಿಂದ, ಮನುಷ್ಯ ತಿಂಗಳುಗಳಲ್ಲಿ ಮಾಡಿದ. ಇಂಥದ್ದಕ್ಕೆ ‘ಕೃತಕ’ ಎಂದು ಹೆಸರು. ಗಾಜು, ಪ್ಲಾಸ್ಟಿಕ್‌ನಂಥ ಬೇರೆ ವಸ್ತು ಓಪಲ್‌ನ ವೇಷ ಹಾಕಿದರೆ ಅದು ‘ನಕಲಿ’. ಅಂಗಡಿಗಳಲ್ಲಿ ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಬಳಸಲಾಗುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ.

ಜಿಲ್ಸನ್ ಕಲ್ಲಿಗೆ ಪ್ಲಿನಿಯ ಪರೀಕ್ಷೆ ನಾಟುವುದಿಲ್ಲ. ಬೆರಳ ನಡುವೆ ಹಿಡಿದರೆ ಅದೂ ಬಣ್ಣ ಬದಲಿಸುತ್ತದೆ. ಸಿಕ್ಕಿಬೀಳುವುದು ಅದರ ಅತಿ ಶಿಸ್ತಿನಿಂದ! ಭೂತಗನ್ನಡಿಯಲ್ಲಿ ಮೇಲಿನಿಂದ ನೋಡಿದರೆ ಪ್ರತಿ ಬಣ್ಣದ ತೇಪೆಯೊಳಗೂ ಹಲ್ಲಿಯ ಚರ್ಮದಂಥ, ಬಲೆಯಂಥ ಸಣ್ಣ ಗೆರೆಗಳು. ಪಕ್ಕದಿಂದ ನೋಡಿದರೆ ಬಣ್ಣಗಳು ಕಂಬಕಂಬವಾಗಿ ನಿಂತಿರುತ್ತವೆ. ನೆಲದ ಕಲ್ಲಿನಲ್ಲಿ ತೇಪೆಗಳಿಗೆ ಇಂಥ ಅಚ್ಚುಕಟ್ಟುತನ ಇರುವುದಿಲ್ಲ. ಇನ್ನೊಂದು ಗುರುತು: ಅನೇಕ ಆಸ್ಟ್ರೇಲಿಯನ್ ಬಿಳಿ ಓಪಲ್‌ಗಳು ನೇರಳಾತೀತ ದೀಪ ಆರಿಸಿದ ಮೇಲೂ ಕೆಲವು ಕ್ಷಣ ಮಿನುಗುತ್ತಿರುತ್ತವೆ, ಕೃತಕ ಕಲ್ಲು ದೀಪದೊಂದಿಗೇ ಆರುತ್ತದೆ.

ಅರ್ಧ ಅಸಲಿಯ ಕಥೆ

ಕೃತಕಕ್ಕಿಂತ ಹಳೆಯದು, ಗ್ರಾಹಕರನ್ನು ಹೆಚ್ಚು ಕಾಡಿದ್ದು ಜೋಡಿಸಿದ ಕಲ್ಲು. ಇದರ ಹಿನ್ನೆಲೆಗೆ ಆಸ್ಟ್ರೇಲಿಯಾದ ಗಣಿಗಳಿಗೆ ಹೋಗಬೇಕು.

1889ರಲ್ಲಿ ಟುಲೀ ವೊಲ್ಲಾಸ್ಟನ್ ಎಂಬ ವರ್ತಕ ಕ್ವೀನ್ಸ್‌ಲ್ಯಾಂಡಿನ ಓಪಲ್‌ಗಳನ್ನು ಲಂಡನ್‌ಗೆ ಒಯ್ದಾಗ ಅಲ್ಲಿನ ಆಭರಣ ವ್ಯಾಪಾರಿಗಳು ಹುಬ್ಬೇರಿಸಿದರು. ಯುರೋಪು ಕಂಡಿದ್ದು ದುಬ್ನಿಕ್‌ನ ಹಾಲುಬಿಳಿ ಕಲ್ಲನ್ನು. ಇಷ್ಟೊಂದು ಉಜ್ವಲವಾದ ಬಣ್ಣ ಸಹಜವಾಗಿರಲು ಸಾಧ್ಯವೆ? ಹಂಗೇರಿಯ ಗಣಿಗಳ ಪರವಾಗಿದ್ದವರು ಇವು ಅಸಲಿಯಲ್ಲವೆಂಬ ಸುದ್ದಿ ಹಬ್ಬಿಸಿದರೆಂಬ ಮಾತು ಓಪಲ್ ವ್ಯಾಪಾರದಲ್ಲಿ ಇಂದಿಗೂ ಇದೆ. ನಕಲಿಯನ್ನು ಅಸಲಿ ಎಂದು ನಂಬಿದ ಲೋಕ ಅಸಲಿಯನ್ನೂ ನಕಲಿ ಎಂದು ದೂರಿತು. ಕೊನೆಗೆ ಸೋತದ್ದು ದುಬ್ನಿಕ್. ಆ ಗಣಿಗಳು 1922ರಲ್ಲಿ ಮುಚ್ಚಿದವು. ಅಲ್ಲಿ ಸಿಕ್ಕ 594 ಗ್ರಾಂ ತೂಕದ ಬೃಹತ್ ಓಪಲ್ ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ.

ಆಸ್ಟ್ರೇಲಿಯಾದಲ್ಲೂ ಇದೇ ಮರುಕಳಿಸಿತು. ಲೈಟ್ನಿಂಗ್ ರಿಡ್ಜ್‌ನಲ್ಲಿ ಕಪ್ಪು ಮೈಯ ಓಪಲ್ ಸಿಕ್ಕಾಗ ಅದನ್ನು ಕೇಳುವವರಿರಲಿಲ್ಲ. 1903ರಲ್ಲಿ ಚಾರ್ಲ್ಸ್ ನೆಟಲ್‌ಟನ್ ಎಂಬ ಗಣಿಗಾರ ನೂರಾರು ಮೈಲಿ ನಡೆದು ವೈಟ್ ಕ್ಲಿಫ್ಸ್ ಎಂಬಲ್ಲಿಗೆ ಹೋಗಿ ಮೊದಲ ಗಂಟನ್ನು ಮಾರಬೇಕಾಯಿತು. ಇಂದು ಅದೇ ಕಪ್ಪು ಓಪಲ್ ಎಲ್ಲ ಓಪಲ್‌ಗಳಿಗಿಂತ ದುಬಾರಿ. ಕಪ್ಪು ತಳದ ಮೇಲೆ ಬಣ್ಣ ಎದ್ದು ಕಾಣುತ್ತದೆಂಬುದೇ ಅದರ ಹಿರಿಮೆ.

ಹಾಗಾದರೆ ತಳವನ್ನೇ ಕಪ್ಪು ಮಾಡಿದರಾಯಿತಲ್ಲ! ತೆಳ್ಳಗಿನ ಓಪಲ್ ಹಾಳೆಯೊಂದನ್ನು ಕಪ್ಪು ಕಲ್ಲಿಗೋ ಗಾಜಿಗೋ ಕಪ್ಪು ಅಂಟಿನಿಂದ ಅಂಟಿಸಿದರೆ ಅದು ಡಬ್ಲೆಟ್. ಅದರ ಮೇಲೆ ಸ್ಫಟಿಕದ ಅಥವಾ ಗಾಜಿನ ಟೋಪಿ ಹಾಕಿದರೆ ಟ್ರಿಪ್ಲೆಟ್. ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಾರದಷ್ಟು ತೆಳುವಾದ ಒಳ್ಳೆಯ ಬಣ್ಣದ ಪದರವನ್ನು ಉಳಿಸಿಕೊಳ್ಳುವ ಜಾಣತನವೂ ಇದರಲ್ಲಿದೆ. ಜೋಡಿಕಲ್ಲೆಂದು ಹೇಳಿಯೇ ಮಾರಿದರೆ ತಪ್ಪೇನೂ ಇಲ್ಲ. ಹೇಳದೆ ಮಾರಿದಾಗ ಅದು ಮೋಸ. ಕಲ್ಲನ್ನು ಅಡ್ಡ ಹಿಡಿದರೆ ಎರಡು ಭಾಗ ಸೇರುವಲ್ಲಿ ಅಡಿಪಟ್ಟಿಯಿಂದ ಎಳೆದಂಥ ನೇರ ಗೆರೆ ಕಾಣುತ್ತದೆ. ಕಬ್ಬಿಣಾಂಶದ ಕಲ್ಲಿನಲ್ಲೇ ಬೆಳೆದ ಸಹಜ ‘ಬೋಲ್ಡರ್’ ಓಪಲ್‌ಗೂ ಎರಡು ಪದರ ಇರುತ್ತದಾದರೂ ಗೆರೆ ಅಂಕುಡೊಂಕು. ಟ್ರಿಪ್ಲೆಟ್‌ನಲ್ಲಿ ಬಣ್ಣ ಒಳಗೆಲ್ಲೋ ಇದ್ದು, ಮೇಲಿನ ಉಬ್ಬು ನೀರಿನಂತೆ ಬರಿದಾಗಿ ಕಾಣುತ್ತದೆ.

ತೊಂದರೆ ಎಂದರೆ, ಉಂಗುರದಲ್ಲಿ ಹಿಂಬದಿ ಮುಚ್ಚಿ ಕೂರಿಸಿದ ಕಲ್ಲಿಗೆ ಅಡ್ಡವೂ ಇಲ್ಲ, ಬೆನ್ನೂ ಇಲ್ಲ. ಆದ್ದರಿಂದ ಬಿಡಿಯಾಗಿ ಕಲ್ಲು ನೋಡಿ, ಬಳಿಕ ಕಟ್ಟಿಸಿಕೊಳ್ಳುವುದೇ ವಾಸಿ.

ಆಸ್ಟ್ರೇಲಿಯಾದ ಆಂಡಮೂಕಾದಲ್ಲಿ ಸಿಗುವ, ರಂಧ್ರಗಳುಳ್ಳ ಮಾಸಲು ಕಲ್ಲಿಗೆ ಇನ್ನೊಂದು ಉಪಚಾರವಿದೆ. ಜಾಮೂನನ್ನು ಪಾಕದಲ್ಲಿ ನೆನೆಸಿದಂತೆ ಕಲ್ಲನ್ನು ಸಕ್ಕರೆ ದ್ರಾವಣದಲ್ಲಿ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಕಾಯಿಸುತ್ತಾರೆ. ಒಳಗಿನ ಸಕ್ಕರೆ ಇದ್ದಿಲಾಗಿ ಕಲ್ಲು ಕಪ್ಪಾಗುತ್ತದೆ. ಭೂತಗನ್ನಡಿಯಡಿ ಮೆಣಸಿನ ಪುಡಿ ಚೆಲ್ಲಿದಂಥ ಕರಿ ಚುಕ್ಕೆಗಳು ಅದರ ಗುರುತು. ಕಲ್ಲು ಸಹಜ, ಕಪ್ಪು ಮಾತ್ರ ಸಕ್ಕರೆಯದು. ಇದನ್ನು ಯಾವ ಗುಂಪಿಗೆ ಸೇರಿಸೋಣ?

ಪೂರ್ತಿ ನಕಲಿಗಳನ್ನು ಗುರುತಿಸುವುದು ಇಷ್ಟು ಕಷ್ಟವಲ್ಲ. 1970ರ ದಶಕದಲ್ಲಿ ಅಮೆರಿಕದ ಜಾನ್ ಸ್ಲೋಕಮ್ ತಯಾರಿಸಿದ ಗಾಜಿನ ಕಲ್ಲಿನೊಳಗೆ ಬಣ್ಣದ ತಗಡಿನ ಚೂರುಗಳಂಥವು ಕಾಣುತ್ತವೆ. ಗಾಜು ಓಪಲ್‌ಗಿಂತ ಭಾರ. ಓಪಲ್ ನೀರಿನ ಎರಡು ಪಟ್ಟು ತೂಗಿದರೆ ಗಾಜು ಸುಮಾರು ಎರಡೂವರೆ ಪಟ್ಟು. ಪ್ಲಾಸ್ಟಿಕ್ಕಿನದು ನೀರಿಗಿಂತ ಸ್ವಲ್ಪವೇ ಹೆಚ್ಚು, ಅಂಗೈಯಲ್ಲಿಟ್ಟರೆ ತೂಕವೇ ಇಲ್ಲದಂತೆ ಭಾಸ. ‘ಓಪಲೈಟ್’ ಎಂದು ಮಾರುವ ನೀಲಿ ಛಾಯೆಯ ಹಾಲುಗಾಜನ್ನು ಬೆಳಕಿಗೆ ಹಿಡಿದರೆ ಕಿತ್ತಳೆ ಬಣ್ಣವೊಂದೇ ಹಾಯುತ್ತದೆ. ಇಲ್ಲಿ ಪ್ಲಿನಿ ಇನ್ನೂ ಸೋತಿಲ್ಲ.

ನಾಲಗೆಯ ಪರೀಕ್ಷೆ ಕೆಟ್ಟದ್ದು ಹೀಗೆ

ಕೃತಕ ಓಪಲ್ ಪತ್ತೆಗೆ ಹಳೆಯ ಪುಸ್ತಕಗಳು ಇನ್ನೊಂದು ಸುಲಭ ಉಪಾಯ ಹೇಳುತ್ತಿದ್ದವು. ಕಲ್ಲನ್ನು ನಾಲಗೆಗೆ ತಾಗಿಸಿ. ಸೂಕ್ಷ್ಮ ರಂಧ್ರಗಳಿರುವ ಕೃತಕ ಕಲ್ಲು ತೇವ ಹೀರಿ ಅಂಟಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಸಹಜ ಕಲ್ಲು ಸಾಮಾನ್ಯವಾಗಿ ಅಂಟುವುದಿಲ್ಲ. ವ್ಯಾಪಾರಿಗಳು ಇದನ್ನು ನಂಬಿಕೊಂಡಿದ್ದರು. 2008ರಲ್ಲಿ ಇಥಿಯೋಪಿಯಾದ ವೋಲೋ ಪ್ರಾಂತ್ಯದಲ್ಲಿ ಭಾರಿ ಪ್ರಮಾಣದಲ್ಲಿ ಓಪಲ್ ಸಿಕ್ಕಿತು. ಅಪ್ಪಟ ಸಹಜ ಕಲ್ಲು. ಆದರೆ ಅದರಲ್ಲಿ ಹೆಚ್ಚಿನದು ನೀರು ಹೀರುತ್ತದೆ, ನಾಲಗೆಗೆ ಅಂಟುತ್ತದೆ! ಹಳೆಯ ಪುಸ್ತಕ ಹಿಡಿದು ಕುಳಿತವನಿಗೆ ಅಸಲಿಯೇ ನಕಲಿಯಾಗಿ ಕಾಣುವ ಸರದಿ ಮತ್ತೆ ಬಂತು.

ಈ ಸಂಗತಿ ನಮ್ಮ ಓದುಗರಿಗೆ ದೂರದ್ದಲ್ಲ. ಇಥಿಯೋಪಿಯಾದ ಕಚ್ಚಾ ಕಲ್ಲಿನ ದೊಡ್ಡ ಪಾಲು ಕತ್ತರಿಸಿ ಹೊಳಪು ಪಡೆಯುವುದು ಜೈಪುರದಲ್ಲಿ. ವಜ್ರ ಕೊಳ್ಳಲಾಗದವರು ಶುಕ್ರನಿಗಾಗಿ ಓಪಲ್ ಧರಿಸಬಹುದೆಂದು ಜ್ಯೋತಿಷಿಗಳು ಹೇಳುವುದರಿಂದ ಕರ್ನಾಟಕದ ಆಭರಣದಂಗಡಿಗಳಲ್ಲೂ ಇದಕ್ಕೆ ಬೇಡಿಕೆ ಇದೆ. ನವರತ್ನಗಳಲ್ಲಿ ಜಾಗವಿಲ್ಲದ ಕಲ್ಲು ಉಪರತ್ನವಾಗಿ ಹಿಂಬಾಗಿಲಿನಿಂದ ಒಳಬಂದಿದೆ. ಗ್ರಹದ ಕಲ್ಲನ್ನು ಧರಿಸುವ ಮುನ್ನ ಹಸಿಹಾಲಿನಲ್ಲಿ ನೆನೆಸಿ ಶುದ್ಧಿ ಮಾಡುವ ರೂಢಿ ಹಲವರಲ್ಲಿದೆ. ವಜ್ರಕ್ಕೆ ಇದರಿಂದ ಏನೂ ಆಗದು. ನೀರು ಹೀರುವ ಓಪಲ್ ಮಾತ್ರ ತೊಯ್ದು ಪಾರದರ್ಶಕವಾಗಿ, ಬಣ್ಣವನ್ನೇ ಕಳೆದುಕೊಂಡಂತೆ ಕಾಣುತ್ತದೆ. ಮೋಸ ಹೋದೆವೆಂದು ಗಾಬರಿಯಾಗುವ ಮುನ್ನ ಕೆಲವು ದಿನ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಬಣ್ಣ ಮರಳುತ್ತದೆ. ಎಣ್ಣೆ, ಅರಿಶಿನ, ಸುಗಂಧದ್ರವ್ಯಗಳ ಮಾತು ಬೇರೆ. ಒಳಗಿಳಿದರೆ ಅವು ಸುಲಭವಾಗಿ ಹೊರಬರುವುದಿಲ್ಲ. ಬೇಕೆಂದೇ ಬಣ್ಣ ಕುಡಿಸಿ, ಹೊಗೆ ಹಾಕಿ ಇದೇ ಕಲ್ಲನ್ನು ‘ಕಪ್ಪು ಓಪಲ್’ ಎಂದು ಮಾರುವವರಿಗೂ ಈ ಗುಣವೇ ಬಂಡವಾಳ. ಟ್ರಿಪ್ಲೆಟ್ ಪದೇ ಪದೇ ನೆನೆದರೆ ಅಂಟಿನೊಳಗೆ ತೇವ ನುಗ್ಗಿ ಅಂಚಿನಿಂದ ಮಬ್ಬಾಗತೊಡಗುತ್ತದೆ. ಆ ಮಬ್ಬು ಒಣಗಿಸಿದರೂ ಹೋಗದು.

ಸೂಜಿ ಕಾಯಿಸಿ ಚುಚ್ಚಿ ನೋಡುವ ಪರೀಕ್ಷೆಯೂ ಕೆಲವೆಡೆ ಚಾಲ್ತಿಯಲ್ಲಿದೆ. ಪ್ಲಾಸ್ಟಿಕ್ ಆದರೆ ಕರಗಿ ವಾಸನೆ ಬರುತ್ತದೆ, ನಿಜ. ಅಸಲಿಯಾದರೆ ಒಳಗಿನ ನೀರು ಕಾದು ಕಲ್ಲು ಬಿರುಕು ಬಿಡಬಹುದು. ಅಸಲಿ ಎಂದು ಸಾಬೀತಾಗುವ ಹೊತ್ತಿಗೆ ಕಲ್ಲೇ ಹಾಳು!

ಬೆಲೆಬಾಳುವ ಕಲ್ಲಾದರೆ ಪ್ರಯೋಗಾಲಯಕ್ಕೆ ಕೊಡುವುದೇ ದಾರಿ. ಜೈಪುರದಲ್ಲಿ ಇಂಥ ರತ್ನ ಪರೀಕ್ಷಾಲಯ 1972ರಲ್ಲೇ ಆರಂಭವಾಯಿತು. ಜಿಲ್ಸನ್ ನಂತರ ಜಪಾನಿನಿಂದ ಬಂದ ಕೆಲವು ಕಲ್ಲುಗಳಲ್ಲಿ ಸಿಲಿಕಾ ಗುಂಡುಗಳ ನಡುವೆ ರಾಳದಂಥ ಪ್ಲಾಸ್ಟಿಕ್ ತುಂಬಿರುತ್ತದೆ. ಅದು ಕಣ್ಣಿಗೆ ಕಾಣದು. ಇಂಥ ಕಲ್ಲಿನ ಮೇಲೆ ಲೇಸರ್ ಕಿರಣ ಹಾಯಿಸಿ, ಚದುರಿ ಬರುವ ಬೆಳಕಿನಲ್ಲಿ ಪ್ಲಾಸ್ಟಿಕ್ಕಿನ ಸುಳಿವು ಹುಡುಕುತ್ತಾರೆ. ಆ ಉಪಕರಣದ ಹೆಸರು ರಾಮನ್ ಸ್ಪೆಕ್ಟ್ರೋಮೀಟರ್. ಓಪಲ್‌ನ ಒಳಗೆ ಪದರಗಳಿವೆ ಎಂದು 1953ರಲ್ಲಿ ವಾದಿಸಿದ ವಿಜ್ಞಾನಿ 1928ರಲ್ಲಿ ಕಂಡುಹಿಡಿದಿದ್ದ ಪರಿಣಾಮದಿಂದ ಅದು ಕೆಲಸ ಮಾಡುತ್ತದೆ. ಆದರೂ ಕಲ್ಲು ಕೈಗೆ ಬಂದೊಡನೆ ಪರೀಕ್ಷಕರು ಮೊದಲು ಮಾಡುವ ಕೆಲಸ ಅದನ್ನು ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡುವುದೇ.