ಘಾಟಿ ಇಳಿದ ಬಸ್ಸು, ಡ್ರಮ್ಮಿನಲ್ಲಿ ಉಳಿದ ದೂಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬಸ್ಸುಗಳ ಇತಿಹಾಸವೆಂದರೆ ಶಂಕರ್ ಬಸ್ ಕಂಪನಿಯ ಕಾರ್ಮಿಕರು 1991ರಲ್ಲಿ ಕಟ್ಟಿದ, 2020ರಲ್ಲಿ ನಿಂತುಹೋದ ಸಹಕಾರ ಸಾರಿಗೆಯ ನೆನಪೇ ಮೊದಲು ಬರುತ್ತದೆ. ಬ್ರೇಕ್ ಲೈನರಿನ ಸುದ್ದಿ ಯಾರೂ ಎತ್ತುವುದಿಲ್ಲ. ಎತ್ತಬೇಕಿತ್ತು. ಆರು ಟನ್ ತೂಗುವ ಮಿನಿ ಬಸ್ಸು 500 ಮೀಟರ್ ಎತ್ತರದಿಂದ ಇಳಿದರೆ ಹೊರಬೀಳುವ ಶಕ್ತಿಯಲ್ಲಿ ಸುಮಾರು 90 ಲೀಟರ್ ತಣ್ಣೀರು ಕುದಿಯಬಲ್ಲದು. ಸೆಕೆಂಡ್ ಗೇರಿನಲ್ಲಿ ಇಂಜಿನ್ನು ಅದರಲ್ಲಿ ಒಂದಿಷ್ಟು ಹೊತ್ತುಕೊಳ್ಳುತ್ತದೆ. ಮಿಕ್ಕಿದ್ದು ಚಕ್ರದ ಬ್ರೇಕ್ ಡ್ರಮ್ಮು ಮತ್ತು ಅದಕ್ಕೆ ಒಳಗಿನಿಂದ ಉಜ್ಜುವ ಲೈನರಿನ ಪಾಲು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಲೈನರು ಕಾದರೆ ಅದರೊಳಗಿನ ರಾಳ ಅನಿಲ ಬಿಡುತ್ತದೆ, ಹಿಡಿತ ಸಡಿಲವಾಗುತ್ತದೆ, ಪೆಡಲು ಎಷ್ಟು ಒತ್ತಿದರೂ ಬಸ್ಸು ಓಡುತ್ತಲೇ ಇರುತ್ತದೆ.

ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಮೊದಲು ಹತ್ತಿಯ ಪಟ್ಟಿಯಿಂದ ಲೈನಿಂಗ್ ಮಾಡಿದ್ದ. ಅದು ಬಿಸಿಗೆ ಸುಟ್ಟು ಕರಕಲಾಗುತ್ತಿತ್ತು. 1908ರಲ್ಲಿ ಅವನು ಆಸ್‌ಬೆಸ್ಟಾಸ್ ಹಿಡಿದ. ಮುಂದೆ ದಶಕಗಳ ಕಾಲ ಲಾರಿ-ಬಸ್ಸುಗಳ ಡ್ರಮ್ಮಿನಲ್ಲಿ ಅದೇ ಸಾಮಾನ್ಯವಾಯಿತು. ನನ್ನ ವಾದ ಇಷ್ಟೆ: ಲೈನರಿನ ಯೋಗ್ಯತೆ ಅಳೆಯುವಾಗ ಕಾದಾಗ ಹಿಡಿಯುತ್ತದೆಯೇ ಎಂಬುದರ ಜೊತೆಗೆ ದೂಳು ಯಾರ ಎದೆ ಸೇರುತ್ತದೆ ಎಂದೂ ಕೇಳಬೇಕು. ಡ್ರಮ್ಮು ದೂಳನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಪ್ರಯಾಣಿಕರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಗ್ಯಾರೇಜಿನಲ್ಲಿ ಡ್ರಮ್ಮು ಬಿಚ್ಚಿ ಗಾಳಿ ಹೊಡೆಯುವ ಹುಡುಗನ ಮುಖಕ್ಕೆ ಮಾತ್ರ ಬೂದುಪುಡಿ ಹಾರುತ್ತದೆ. ಆಸ್‌ಬೆಸ್ಟಾಸ್ ನಾರಿನ ರೋಗ ಹೊರಬರಲು ಹತ್ತಾರು ವರ್ಷ ಬೇಕು. ಅಷ್ಟು ಹೊತ್ತಿಗೆ ಹುಡುಗ ಕೆಲಸ ಬಿಟ್ಟಿರುತ್ತಾನೆ, ಲೆಕ್ಕವೂ ತಪ್ಪಿರುತ್ತದೆ.

ಆಸ್‌ಬೆಸ್ಟಾಸ್ ಲೈನರಿಲ್ಲದಿದ್ದರೆ ಬಸ್ಸು ಪ್ರಪಾತಕ್ಕೆ ಬೀಳುತ್ತಿರಲಿಲ್ಲವೇ ಎನ್ನಬಹುದು. ಬಿಸಿ ತಾಳುವ ಗುಣ ನಿಜವೇ. ಆದರೆ ಉಕ್ಕಿನ ಎಳೆ ಬೆರೆಸಿದ ಲೈನರೂ ಬಿಸಿ ತಾಳುತ್ತದೆ. ಸದ್ದು ಹೆಚ್ಚು, ಡ್ರಮ್ಮು ಬೇಗ ಸವೆಯುತ್ತದೆ, ಅಷ್ಟೆ. ಡಿಸ್ಕ್ ಬ್ರೇಕಿನ ಕಾರಿನ ಚಕ್ರ ಕಪ್ಪಾಯಿತೆಂದು ಬ್ರೇಕ್ ಪ್ಯಾಡನ್ನು ಬೈಯುವವರಿಗೂ ಒಂದು ಮಾತು: ಆ ಕಪ್ಪಿನಲ್ಲಿ ಸವೆದ ಡಿಸ್ಕಿನ ಕಬ್ಬಿಣವೂ ಸಾಕಷ್ಟಿದೆ. ಸೆರಾಮಿಕ್ ಪ್ಯಾಡಿನ ದೂಳು ತಿಳಿಬಣ್ಣದ್ದು, ಕಾಣುವುದು ಕಡಿಮೆ, ಕಾಣದ್ದೆಲ್ಲ ನಿರಪಾಯವಲ್ಲ. ಮಲೆನಾಡಿನ ಮಳೆ ಎಲ್ಲ ತೊಳೆಯುತ್ತದೆ ಎನ್ನುವವರು, ತೊಳೆದದ್ದು ತುಂಗೆ, ಭದ್ರೆಯ ಕಡೆಗೇ ಹರಿಯುತ್ತದೆಂದು ಮರೆಯಬಾರದು. ಪ್ಯಾಡಿನ ತಾಮ್ರ ಸಾಲ್ಮನ್ ಮೀನಿಗೆ ಕೇಡೆಂದು ಅಮೆರಿಕದ ವಾಷಿಂಗ್ಟನ್ ರಾಜ್ಯ 2010ರಲ್ಲೇ ಕಾನೂನು ಮಾಡಿತು. ಶೃಂಗೇರಿಯ ಮೀನಿಗೆ ಪುರಿ ಹಾಕುವ ನಾವು ಇದನ್ನು ದೂರದ ಸುದ್ದಿ ಎನ್ನುವಂತಿಲ್ಲ. ಸದ್ಯಕ್ಕೆ ಗ್ಯಾರೇಜಿನ ಮಾಲೀಕರು ಒಂದು ಕೆಲಸ ಮಾಡಲಿ: ಡ್ರಮ್ಮು ಬಿಚ್ಚಿದಾಗ ಗಾಳಿ ಹೊಡೆಯುವುದನ್ನು ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಲಿ.