ನೆಲಮಟ್ಟದ ಓಝೋನ್

ನೆಲಮಟ್ಟದ ಓಝೋನ್ ಎಂಬುದು ಭೂಮಿಯ ಮೇಲ್ಮೈಗೆ ಸಮೀಪದಲ್ಲಿ, ಜನರು ಉಸಿರಾಡುವ ಗಾಳಿಯಲ್ಲಿ ಇರುವ ಓಝೋನ್ ಅನಿಲ. ವಾಯುಮಂಡಲದ ಮೇಲಿನ ಸ್ತರದಲ್ಲಿ ಈ ಅನಿಲವು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ಜೀವಿಗಳನ್ನು ರಕ್ಷಿಸುತ್ತದೆ. ನೆಲಮಟ್ಟದಲ್ಲಿ ಅದೇ ಅನಿಲವು ಶ್ವಾಸಕೋಶವನ್ನು ಕೆರಳಿಸುತ್ತದೆ, ಅಸ್ತಮಾವನ್ನು ಉಲ್ಬಣಗೊಳಿಸುತ್ತದೆ ಮತ್ತು ಬೆಳೆಗಳ ಇಳುವರಿಯನ್ನು ತಗ್ಗಿಸುತ್ತದೆ.

ಉತ್ಪತ್ತಿ

ಈ ಓಝೋನ್ ಬಹುಮಟ್ಟಿಗೆ ಹೊಗೆಕೊಳವೆಗಳಿಂದ ನೇರವಾಗಿ ಹೊರಬರುವುದಲ್ಲ. ವಾಹನ ಮತ್ತು ವಿದ್ಯುತ್ ಸ್ಥಾವರಗಳ ನೈಟ್ರೋಜನ್ ಆಕ್ಸೈಡುಗಳು, ಪೆಟ್ರೋಲ್, ಬಣ್ಣ ಮೊದಲಾದವುಗಳಿಂದ ಆವಿಯಾಗುವ ಸಾವಯವ ಸಂಯುಕ್ತಗಳೊಡನೆ ಬಿಸಿಲಿನಲ್ಲಿ ವರ್ತಿಸಿದಾಗ ಇದು ಉಂಟಾಗುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿನ ಹಿಂದೆ ಈ ಕ್ರಿಯೆಯಿದೆಯೆಂದು ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ತೋರಿಸಿದರು. ಓಝೋನ್ ತಾಗಿದ ರಬ್ಬರ್ ಬಿರುಕು ಬಿಡುವುದರಿಂದ, ಬಾಗಿಸಿಟ್ಟ ರಬ್ಬರ್ ಪಟ್ಟಿಗಳನ್ನೇ ಆಗ ಅಳತೆಗೆ ಬಳಸಿದ್ದುಂಟು.

ಮಾಪನ

ಇಂದಿನ ಮಾಪನ ಕೇಂದ್ರಗಳಲ್ಲಿ ಸುಮಾರು 254 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ಗಾಳಿಯ ಮೂಲಕ ಹಾಯಿಸಲಾಗುತ್ತದೆ. ಓಝೋನ್ ತೆಗೆದ ಗಾಳಿಯಲ್ಲಿ ಹಾಯ್ದ ಬೆಳಕಿನೊಡನೆ ಹೋಲಿಸಿ, ಹೀರಿಕೆಯಾದ ಬೆಳಕಿನ ಪ್ರಮಾಣದಿಂದ ಓಝೋನ್ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಕಡಿಮೆ ಬೆಲೆಯ ವಿದ್ಯುತ್-ರಾಸಾಯನಿಕ ಸಂವೇದಕಗಳು ನೈಟ್ರೋಜನ್ ಡೈಆಕ್ಸೈಡಿಗೂ ಸ್ಪಂದಿಸುತ್ತವೆ. ಆದುದರಿಂದ ಅವುಗಳ ಅಂಕಿಗಳನ್ನು ತಿದ್ದದೆ ನಂಬುವಂತಿಲ್ಲ.

ಅಳತೆಗಳ ಅರ್ಥ

ಓಝೋನ್ ಸಾಮಾನ್ಯವಾಗಿ ಮಧ್ಯಾಹ್ನ ಏರಿ ರಾತ್ರಿ ಇಳಿಯುತ್ತದೆ. ಇಡೀ ದಿನದ ಸರಾಸರಿಯಲ್ಲಿ ಈ ಏರಿಕೆ ಮರೆಯಾಗುವುದರಿಂದ, ಭಾರತದ 2009ರ ಮಾನದಂಡಗಳು 8 ಗಂಟೆಗಳ ಸರಾಸರಿಗೆ ಘನಮೀಟರಿಗೆ 100 ಮೈಕ್ರೋಗ್ರಾಂ, 1 ಗಂಟೆಗೆ 180 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿವೆ.

ಮಾಪಕ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ವಾಹನಗಳು ಉಗುಳುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ನಾಶಮಾಡುತ್ತದೆ. ಹೀಗಾಗಿ ದಟ್ಟಣೆಯ ವೃತ್ತದಲ್ಲಿ ಓಝೋನ್ ಕಡಿಮೆ ದಾಖಲಾಗಿ, ಗಾಳಿ ಸಾಗುವ ದಿಕ್ಕಿನ ಹೊರವಲಯಗಳಲ್ಲಿ ಹೆಚ್ಚು ಕಾಣಬಹುದು. ವೃತ್ತದ ಕಡಿಮೆ ಅಂಕಿ ಶುದ್ಧ ಗಾಳಿಯ ಗುರುತಲ್ಲ. ಲಾಸ್ ಏಂಜಲೀಸ್‌ನಲ್ಲಿ ಟ್ರಕ್ ಸಂಚಾರ ಇಳಿಯುವ ವಾರಾಂತ್ಯಗಳಲ್ಲಿ ಓಝೋನ್ ಏರಿದ್ದು ಇದೇ ಕಾರಣದಿಂದ.

ಭಾರತದ ವಾಯು ಗುಣಮಟ್ಟ ಸೂಚ್ಯಂಕವು 8 ಮಾಲಿನ್ಯಕಾರಕಗಳನ್ನು ಪರಿಗಣಿಸಿದರೂ, ಅವುಗಳ ಸರಾಸರಿಯನ್ನಲ್ಲ, ಅತಿ ಹೆಚ್ಚಿನ ಉಪಸೂಚ್ಯಂಕವನ್ನೇ ಪ್ರಕಟಿಸುತ್ತದೆ. ದೂಳಿನ ಕಣಗಳು ಮುಂದಿರುವ ದಿನ ಓಝೋನ್ ಮಿತಿ ಮೀರಿದ್ದರೂ ಆ ಒಂದು ಅಂಕಿಯಲ್ಲಿ ತೋರದು. ಬೆಂಗಳೂರಿನ ಹೆಬ್ಬಾಳ, ಜಯನಗರ ಮುಂತಾದೆಡೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಗಳಿವೆ. ಕೇಂದ್ರ ಮಂಡಳಿಯ ಜಾಲತಾಣದಲ್ಲಿ ಪ್ರತಿ ಮಾಲಿನ್ಯಕಾರಕದ ಅಂಕಿಯನ್ನು ಬೇರೆಯಾಗಿಯೇ ನೋಡಬಹುದು.